ನಮ್ಮವ್ವನ ಹಲ್ಲಿನ ಕ್ಯಾಶ್‌ಬ್ಯಾಕು

ನಮ್ಮವ್ವನಿಗೆ ಹಲ್ಲು ಕಟ್ಟಿಸಲೇಬೇಕು ಎಂದು ನಾನು ತೀರ್ಮಾನ ಮಾಡಿದ್ದು ನಾಗಮಂಗಲದ ಹತ್ತಿರದ ನನ್ನ ತವರಿನಲ್ಲಿ, ನೆಂಟರೊಬ್ಬರ ಬೀಗರೂಟದ ಪಂಕ್ತಿಯಲ್ಲಿ ಕೂತಿದ್ದಾಗ. ನಮ್ಮ ಕಡೆ ಮದುವೆ ಮುಗಿದ ಮೇಲೆ ಬೀಗರಿಗೆ ಬಾಡೂಟ ಹಾಕದಿದ್ದರೆ ಮದುವೆ ಆದಂತೆಯೇ ಅಲ್ಲ. ಆ ಊಟ ಉಣ್ಣುವುದರಲ್ಲಿ ನಮ್ಮವ್ವ ಒಂದು ಕಾಲಕ್ಕೆ ಎತ್ತಿದ ಕೈ. ಮೂಳೆಯನ್ನು ಕಡಿದು, ಚೀಪಿ, ಎಲೆಯ ಮೂಲೆಯಲ್ಲಿ ಒಪ್ಪವಾಗಿ ಗುಡ್ಡೆ ಹಾಕುತ್ತಿದ್ದಳು. ಅವತ್ತು ತುಂಡುಗಳನ್ನೆಲ್ಲ ಸದ್ದಿಲ್ಲದೆ ನನ್ನ ಎಲೆಗೆ ದಾಟಿಸಿ, ಬರೀ ಸಾರಿನಲ್ಲಿ ಮುದ್ದೆ ನುಂಗುತ್ತಿದ್ದಳು. ಬಾಯಲ್ಲಿ ಉಳಿದಿದ್ದ ಒಂದೆರಡು ಹಲ್ಲುಗಳೂ ಅಲ್ಲಾಡುತ್ತಿದ್ದವು.

ಬಡಿಸುತ್ತಾ ಬಂದ ನನ್ನ ಅಣ್ಣನನ್ನು ಅಲ್ಲೇ ಕೇಳಿದೆ. “ಅವ್ವುಂಗೆ ಹಲ್ಲು ಕಟ್ಟುಸ್ಬಾರ್ದೇನಣ್ಣ?”

“ಮುದ್ದೆ ನುಂಗಕ್ಕೆ ಹಲ್ಯಾಕವ್ವ? ಗಂಟ್ಲಿದ್ರೆ ಸಾಕು,” ಎಂದ.

ಪಂಕ್ತಿಯೆಲ್ಲ ನಕ್ಕಿತು. ಅವ್ವನೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವಳು ಹಾಗೆ ಬಾಯಿ ಮುಚ್ಚಿಕೊಂಡು ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಎಲೆಯನ್ನು ಸಾರಿನ ಸಮೇತ ಎತ್ತಿ ಅಣ್ಣನ ಮುಖಕ್ಕೆ ಎರಚಬೇಕು ಅನ್ನಿಸಿತು. ಬಡವನೇನಲ್ಲ ಅವನು. ಮನೆಯಲ್ಲಿ ಕರೆಯುವ ಹಸುಗಳಿವೆ, ಅಂಗಳದಲ್ಲಿ ಹೊಸ ಟ್ರಾಕ್ಟರು ನಿಂತಿದೆ. ಆ ಟ್ರಾಕ್ಟರಿಗೆ ಹಬ್ಬ ಹಬ್ಬಕ್ಕೂ ಹೂವಿನ ಹಾರ ಹಾಕುತ್ತಾನೆ.

ನಾಗಮಂಗಲದಲ್ಲಿ ಹಲ್ಲಿನ ಡಾಕ್ಟರನ್ನು ವಿಚಾರಿಸಿದೆ. ಇರುವ ಹಲ್ಲುಗಳನ್ನು ಕಿತ್ತು, ಮೇಲೂ ಕೆಳಗೂ ಪೂರಾ ಸೆಟ್ಟು ಕೂರಿಸಬೇಕು ಎಂದು ಹೇಳಿ ಖರ್ಚು ಎಷ್ಟಾಗುತ್ತದೆ ಎಂದೂ ಹೇಳಿದರು. ಅದೇನು ಹೊಲ ಮಾರಬೇಕಾದಂಥ ದುಡ್ಡಲ್ಲ. ಆದರೆ ನನ್ನದು ಎನ್ನುವ ದುಡ್ಡು ಆ ಹೊತ್ತಿಗೆ ನನ್ನ ಹತ್ತಿರ ಉಳಿದಿರಲಿಲ್ಲ.

ಗಂಡನನ್ನು ಕೇಳಬಹುದಿತ್ತಲ್ಲ ಎನ್ನುವವರು ಇರುತ್ತಾರೆ. ಅವರು ಗಂಡಸರೇ ಇರಬೇಕು. ಗಂಡನ ಮನೆಯ ದುಡ್ಡು ತವರಿನ ಹೊಸ್ತಿಲು ದಾಟಿದರೆ ನಮ್ಮಲ್ಲಿ ಅದಕ್ಕೆ ಬೇರೆಯೇ ಹೆಸರಿದೆ. ನಮ್ಮತ್ತೆ ಬದುಕಿದ್ದಾಗ, ನಾನು ತವರಿಗೆ ಹೊರಟ ದಿನ ನನ್ನ ಬ್ಯಾಗು ಎಷ್ಟು ಉಬ್ಬಿದೆ ಎಂದು ಕಣ್ಣಲ್ಲೇ ತೂಗುತ್ತಿದ್ದರು. ಒಂದು ಸಲ ಅದರೊಳಗೆ ಕಾಫಿಪುಡಿ ಪೊಟ್ಟಣ ಸಿಕ್ಕಿದ್ದಕ್ಕೆ, “ಗಂಡನ್ ಮನೆ ತೊಳ್ದು ತವ್ರಿಗೆ ಸಾಗುಸ್ತಾವ್ಳೆ” ಎಂದು ಬೀದಿಗೆಲ್ಲ ಸಾರಿದರು. ಅತ್ತೆ ಹೋದರು, ಆ ಮಾತು ಮನೆಯಲ್ಲೇ ಉಳಿಯಿತು. ನನ್ನ ಗಂಡ ಹಾಗೆ ಬಾಯಿಬಿಟ್ಟು ಅಂದವರಲ್ಲ. ತವರಿಗೆ ಹೊರಟಾಗ ಬಸ್ ಚಾರ್ಜು ಕೊಡುತ್ತಿದ್ದರು, ಅಷ್ಟೇ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅದನ್ನೂ ನಿಲ್ಲಿಸಿದರು.

ನಾವಿರುವುದು ಕೆ.ಆರ್. ಪೇಟೆಯಲ್ಲಿ. ಅವರಿಗೆ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಈ ಆಪುಗಳು ಬರುವುದಕ್ಕೆ ಮೊದಲು, ಸಂಬಳ ಬಂದ ದಿನ ದಿನಸಿಗೆಂದು ನೋಟು ತಂದು ನನ್ನ ಕೈಗೆ ಕೊಡುತ್ತಿದ್ದರು. ನಾನು ಪೇಟೆಯ ಅಂಗಡಿ ಬಿಟ್ಟು ಸಂತೆಬಾಚಹಳ್ಳಿಯ ಸಂತೆಗೆ ಹೋಗುತ್ತಿದ್ದೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಅಲಸಂದೆ, ಹುರುಳಿ ಎಲ್ಲ ಅಲ್ಲಿ ಬೆಳೆದವರ ಕೈಯಿಂದಲೇ ಸಿಗುತ್ತಿತ್ತು. ಸಂತೆ ಮುಗಿಯುವ ಹೊತ್ತಿಗೆ ಹೋದರೆ ಇನ್ನೂ ಅಗ್ಗ. ಚೌಕಾಸಿಯಲ್ಲಿ ನಾನು ನಾಚಿಕೆ ಬಿಟ್ಟವಳು. ಹಾಗೆ ಉಳಿದದ್ದು ನನ್ನದು. ಎಷ್ಟು ಉಳಿಯಿತು ಎಂದು ಅವರು ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ನನ್ನ ಕೈಬಳೆ, ಒಳಲಂಗ, ತಲೆನೋವಿನ ಮಾತ್ರೆ, ತವರಿಗೆ ಒಯ್ಯುವ ಬಾಳೆಹಣ್ಣು ಎಲ್ಲ ಅದರಲ್ಲೇ ನಡೆಯುತ್ತಿತ್ತು. ಇದನ್ನು ಕಳ್ಳತನ ಎನ್ನುವವರು ನನ್ನೆದುರಿಗೆ ಬಂದು ಅನ್ನಲಿ. ಬಿಸಿಲಲ್ಲಿ ನಿಂತವಳು ನಾನು, ಚೀಲ ಹೊತ್ತು ಬಸ್ಸು ಹತ್ತಿದವಳೂ ನಾನು.

ಆಮೇಲೆ ಕಾರ್ಖಾನೆಯಲ್ಲಿ ಯಾರೋ ಅವರ ತಲೆಗೆ ಕ್ಯಾಶ್‌ಬ್ಯಾಕು ತುಂಬಿದರು. ಒಂದು ಭಾನುವಾರ ಹೊಸ ಫೋನು ಕೊಂಡು ತಂದು, ಹಳೆಯದನ್ನು ನನ್ನ ಕೈಗಿಟ್ಟರು.

“ಇನ್ಮ್ಯಾಕೆ ದಿನಸಿಯೆಲ್ಲ ಇದ್ರಲ್ಲೇ ತರುಸ್ಕೊ ಕಣಮ್ಮಿ. ದುಡ್ಡು ನನ್ ಅಕೌಂಟಿಂದ ಹೋಯ್ತದೆ. ಸಂತೆ ಗಿಂತೆ ಅಂತ ಅಲೀಬ್ಯಾಡ. ಮ್ಯಾಲೆ ಕ್ಯಾಶ್‌ಬ್ಯಾಕು ಬತ್ತದೆ,” ಎಂದರು.

ಹೆಂಡತಿಗೆ ಎಷ್ಟು ಸುಖ ಕೊಟ್ಟುಬಿಟ್ಟೆ ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಆ ತಿಂಗಳಿಂದ ನನ್ನ ಕೈಗೆ ನೋಟು ಬರುವುದು ನಿಂತಿತು. ಆಪಿನಲ್ಲಿದ್ದ ನಂಬರು ಅವರದು, ಬ್ಯಾಂಕಿನ ಖಾತೆ ಅವರದು. ಒತ್ತುವ ಬೆರಳು ಮಾತ್ರ ನನ್ನದು.

ಆಗ ಅದು ನನಗೆ ವಿಚಿತ್ರ ಅನ್ನಿಸಲಿಲ್ಲ. ನಮ್ಮಲ್ಲಿ ಎಲ್ಲದಕ್ಕೂ ಗಂಡನ ನಂಬರೇ. ಗ್ಯಾಸಿಗೆ ಅದೇ, ಕರೆಂಟಿಗೆ ಅದೇ, ರೇಷನ್ ಕಾರ್ಡಿಗೂ ಅದೇ. ಹೆಂಗಸರ ಡಾಕ್ಟರ ಹತ್ತಿರ ಹೋದಾಗಲೂ ಚೀಟಿ ಬರೆಯುವವರು ಫೋನ್ ನಂಬರು ಎಂದರೆ ಯೋಚನೆಯನ್ನೇ ಮಾಡದೆ ಗಂಡನ ನಂಬರು ಒಪ್ಪಿಸುತ್ತೇವೆ. ನಿನ್ನದು ಹೇಳವ್ವ ಎಂದರೆ ತಡವರಿಸುತ್ತೇವೆ. ಸ್ವಂತ ನಂಬರನ್ನು ಕಂಡಕಂಡವರಿಗೆ ಕೊಡದಿರುವುದು ಗರತಿಯ ಲಕ್ಷಣ ಎಂದು ನಮಗೆ ಕಲಿಸಿದ್ದಾರೆ. ಕಲಿಸಿದವರ ಬಾಯಿಗೆ ಮಣ್ಣು ಹಾಕ.

ಈ ಆಪೂ ಒಂದು ಸಂತೆ ಎಂದೇ ಮೊದಲು ಅಂದುಕೊಂಡಿದ್ದೆ. ಸಂತೆಯವನು ಮುಖ ನೋಡಿ ಬೆಲೆ ಹೇಳುತ್ತಾನೆ, ನಾನೂ ಅವನ ಮುಖ ನೋಡಿಯೇ ಬೈಯುತ್ತೇನೆ. ಇಲ್ಲಿ ಬೈಯುವುದಕ್ಕೆ ಮುಖವೇ ಇಲ್ಲ. ತೊಗರಿಬೇಳೆ ಸಾಕು ಎಂದರೆ, ಇನ್ನಷ್ಟು ಸಾಮಾನು ಸೇರಿಸಿದರೆ ಮಾತ್ರ ಕ್ಯಾಶ್‌ಬ್ಯಾಕ್ ಎನ್ನುತ್ತದೆ. ಹಾಗೆ ಸೇರಿಸಿದ ಕಕ್ಕಸು ತೊಳೆಯುವ ನೀಲಿ ಬಾಟಲಿಗಳು ನಮ್ಮ ಮಂಚದ ಕೆಳಗೆ ಸಾಲಾಗಿ ನಿಂತವು. ರಾಗಿ ತಿನ್ನುವ ಮನೆಗೆ ಓಟ್ಸ್ ಬಂತು. ಗಂಡ ಒಂದು ದಿನ ತಿಂದು, “ಇದೇನಮ್ಮಿ, ಬೂಸಾ ಇದ್ದಂಗದೆ” ಎಂದರು. ಉಳಿದದ್ದನ್ನು ಎದುರು ಮನೆಯ ಹಸು ತಿಂದಿತು. ದುಡ್ಡು ಕಟ್ಟಿದ ಮೇಲೆ ಗೀಚಿ ನೋಡು ಎಂದು ಒಂದು ಕಾರ್ಡು ಬರುತ್ತಿತ್ತು. ಆಸೆಯಿಂದ ಗೀಚಿದರೆ, ಮುಂದಿನ ಸಲ ನಿಮ್ಮ ಅದೃಷ್ಟ ಚೆನ್ನಾಗಿರಲಿ ಎಂದು ಹಾರೈಸುತ್ತಿತ್ತು. ಬಂದ ಕ್ಯಾಶ್‌ಬ್ಯಾಕನ್ನೂ ಗಡುವಿನೊಳಗೆ ಮುಟ್ಟದಿದ್ದರೆ ಹಾಲಿನ ಹಾಗೆ ಕೆಟ್ಟುಹೋಗುತ್ತಿತ್ತು. ಸಂತೆಯಲ್ಲಿ ಯಾರಾದರೂ ಹೀಗೆ ಆಡಿಸಿದ್ದರೆ ಅವನ ತಕ್ಕಡಿಯನ್ನು ಬೀದಿಗೆ ಎಸೆದು ಬರುತ್ತಿದ್ದೆ.

ಆದರೂ ಬಿಡಲಿಲ್ಲ. ಯಾಕೆಂದರೆ ಆಪಿನ ಮೂಲೆಯಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದಿತ್ತು. ಕ್ಯಾಶ್‌ಬ್ಯಾಕಿನಲ್ಲಿ ಒಂದು ಬಗೆ ಕೆಡುವುದಿಲ್ಲ, ಕೂಡುತ್ತಾ ಹೋಗುತ್ತದೆ. ಅದು ಒಂದು ಮಟ್ಟ ಮುಟ್ಟಿದರೆ ಬ್ಯಾಂಕಿಗೆ ಹಾಕಿಕೊಳ್ಳಬಹುದು. ನನಗೂ ಒಂದು ಬ್ಯಾಂಕ್ ಖಾತೆ ಇತ್ತು. ಹೆಂಗಸರ ಸಂಘ ಸೇರಿದಾಗ ಮಾಡಿಸಿದ್ದು. ಸಂತೆಯ ದುಡ್ಡು ತಪ್ಪಿದರೇನಂತೆ, ಇದರಲ್ಲೇ ಅವ್ವನ ಹಲ್ಲು ಕಟ್ಟಿಸುತ್ತೇನೆ ಎಂದು ಹಟ ಹಿಡಿದೆ.

ಆಮೇಲೆ ನಾನು ಪಟ್ಟ ಪಾಡು ನನಗೇ ಗೊತ್ತು. ಯಾವ ಎಣ್ಣೆಗೆ ಯಾವತ್ತು ಬರುತ್ತದೆ, ಯಾವ ಸೋಪು ಯಾವ ಪುಡಿಯ ಜೊತೆ ತಗೊಂಡರೆ ಹೆಚ್ಚು ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಒಲೆಯ ಮೇಲೆ ಎಸರಿಟ್ಟುಕೊಂಡು ಫೋನು ಒತ್ತಿ ಎಷ್ಟೋ ದಿನ ಮುದ್ದೆ ಗಂಟಾಯಿತು. ಹೊಸಬರನ್ನು ಸೇರಿಸಿದರೆ ಚೆನ್ನಾಗಿ ಬರುತ್ತದೆ ಎಂದು ಗೊತ್ತಾದ ಮೇಲೆ ನಮ್ಮ ಬೀದಿಯ ಹೆಂಗಸರ ಜಗಲಿ ಜಗಲಿಯಲ್ಲೂ ಕೂತು ಅವರ ಫೋನುಗಳಿಗೆ ಆಪು ಹಾಕಿಸಿದೆ. ಎಲ್ಲರೂ ಗಂಡಂದಿರ ನಂಬರೇ ಕೊಟ್ಟರು. ಬೂಕನಕೆರೆಗೆ ನಾಮಕರಣಕ್ಕೆ ಹೋದವಳು ತೊಟ್ಟಿಲ ಪಕ್ಕದಲ್ಲೇ ಕೂತು ಇನ್ನೊಂದಷ್ಟು ಜನರನ್ನು ಸೇರಿಸಿ ಬಂದೆ. ಬರುವಾಗ ಬೆನ್ನ ಹಿಂದೆ ಯಾರೋ ನಕ್ಕದ್ದು ಕೇಳಿಸಿತು. ನಗಲಿ ಎಂದು ಬಂದೆ.

ಬೆಳೆಯುತ್ತಿದ್ದ ಆ ಮೊತ್ತ ನನಗೆ ರೂಪಾಯಿಯಾಗಿ ಕಾಣುತ್ತಲೇ ಇರಲಿಲ್ಲ. ಮೇಲಿನ ಸಾಲು ಆಯಿತು, ಇನ್ನು ಕೆಳಗಿನದು ಎಂದು ಲೆಕ್ಕ ಹಾಕುತ್ತಿದ್ದೆ. ಅವ್ವನಿಗೆ ಫೋನಿನಲ್ಲಿ, “ಈ ಸಲ ಅವರೆಕಾಯಿ ಕಾಲಕ್ಕೆ ನೀನು ಹುರಿದ ಕಾಳು ಕಡೀತೀಯ, ನೋಡ್ತಿರು” ಎಂದೆ.

“ಸುಮ್ಕಿರವ್ವ, ಈ ವಯಸ್ನಲ್ಲಿ ನನ್ಗ್ಯಾಕೆ,” ಎಂದಳು.

ಆದರೆ ಮುಂದಿನ ಸಲ ಫೋನು ಮಾಡಿದಾಗ, ಹಸು ಕರು ಹಾಕಿದ್ದನ್ನೆಲ್ಲ ಹೇಳಿ ಮುಗಿಸಿ, ಕೊನೆಗೆ ಅವಳೇ ಮೆಲ್ಲಗೆ ಕೇಳಿದಳು. “ಅದೇನೋ ಅಂದಿದ್ಯಲ್ಲ, ಆಯ್ತದಾ?” ಆಗುತ್ತದೆ ಎಂದು ಮಾತು ಕೊಟ್ಟೆ.

ಕೊನೆಗೂ ಬ್ಯಾಂಕಿಗೆ ಹಾಕಿಕೊಳ್ಳುವಷ್ಟಾಯಿತು. ಅಡುಗೆಮನೆಯಲ್ಲಿ ನಿಂತು ನನ್ನ ಖಾತೆಯ ನಂಬರು ಒತ್ತಿದೆ. ಆಪು ಒಟಿಪಿ ಕೇಳಿತು. ಅದು ಹೋದದ್ದು ನಡುಮನೆಯಲ್ಲಿ ಟಿವಿ ನೋಡುತ್ತಿದ್ದ ಗಂಡನ ಫೋನಿಗೆ.

“ರೀ, ಒಂದ್ ನಂಬರ್ ಬಂದದೆ, ಓದಿ,” ಎಂದು ದಿನಾ ಕೂಗುವ ಹಾಗೆಯೇ ಕೂಗಿದೆ. ದಿನಾ ಓದುತ್ತಿದ್ದರು. ಅವತ್ತು ಆ ಮೆಸೇಜಿನಲ್ಲಿ ಮೊತ್ತವೂ ಬಂದಿತ್ತು. ಟಿವಿಯ ಸದ್ದು ಕಮ್ಮಿಯಾಯಿತು. ಅವರು ಎದ್ದು ಒಳಗೇ ಬಂದರು.

“ಏನಮ್ಮಿ ಇದು, ಇಷ್ಟೊಂದದೆ?”

“ದಿನಸೀಲಿ ಉಳ್ಸಿದ್ದು.”

“ಭೇಷ್ ಕಣಮ್ಮಿ!” ಎಂದರು. ನಿಜವಾಗಿಯೂ ಅವರಿಗೆ ಖುಷಿಯಾಗಿತ್ತು. ಇವತ್ತಿಗೂ ನನಗೆ ಹೆಚ್ಚು ಸಿಟ್ಟು ಬರಿಸುವುದು ಆ ಖುಷಿಯೇ. ಕೆಟ್ಟ ಮನಸ್ಸಿನಿಂದ ಕಿತ್ತುಕೊಂಡಿದ್ದರೆ ಅಲ್ಲೇ ಜಗಳ ತೆಗೆಯಬಹುದಿತ್ತು. “ಈಗ ತಗೀಬ್ಯಾಡ, ಇರ್ಲಿ. ಒಳ್ಳೆ ಟೈಮಿಗೆ ಬಂತು. ಒಂದ್ ಕೆಲ್ಸ ಅದೆ,” ಎಂದು ಒಟಿಪಿ ಓದದೆಯೇ ಹೊರಟರು. ಇದು ನಮ್ಮವ್ವನ ಹಲ್ಲಿಗೆ ಎಂದು ಹೇಳಲು ಬಾಯಿ ತೆರೆದೆ. ತವ್ರಿಗೆ ಸಾಗುಸ್ತಾವ್ಳೆ ಎಂದಿದ್ದ ಅತ್ತೆಯ ಮಾತು ನೆನಪಾಯಿತು. ಅಷ್ಟರಲ್ಲಿ ಒಗ್ಗರಣೆ ಸೀದ ವಾಸನೆ ಬಂದು ಅತ್ತ ತಿರುಗಿದೆ.

ಅವರ ಕೆಲಸ ಏನೆಂದು ಗೊತ್ತಾದದ್ದು ಪಾಂಡವಪುರದಲ್ಲಿ. ಅವರ ತಂಗಿ, ಅಂದರೆ ನನ್ನ ನಾದಿನಿ, ಅಲ್ಲಿ ಹೊಸ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಅಣ್ಣನಾದವನು ತವರಿನ ಉಡುಗೊರೆ ಒಯ್ಯಲೇಬೇಕು. ತಟ್ಟೆಯಲ್ಲಿ ಎಲೆ ಅಡಿಕೆ, ನಾನೇ ಆರಿಸಿದ ಸೀರೆ, ಪಂಚೆ ಇದ್ದವು. ಅದರ ಮೇಲೆ, ನಾನು ನೋಡೇ ಇರದಿದ್ದ ಒಂದು ಜೊತೆ ಬೆಳ್ಳಿ ದೀಪ ಇಟ್ಟರು. ನೆರೆದವರೆಲ್ಲ ಕತ್ತು ಚಾಚಿ ನೋಡಿದರು.

ಗಂಡ ನಾದಿನಿಯ ಗಂಡನ ಹೆಗಲ ಮೇಲೆ ಕೈ ಹಾಕಿ, ಎಲ್ಲರಿಗೂ ಕೇಳುವಂತೆ, “ಒಂದ್ರುಪಾಯಿ ನನ್ ಜೇಬಿಂದ ಹೋಗಿಲ್ಲ ಕಣ್ ಭಾವ! ಪೂರಾ ಕ್ಯಾಶ್‌ಬ್ಯಾಕು. ಬ್ಯಾಳೆ ಬೆಲ್ಲ ತಂದಿದ್ಕೆ ಬೆಳ್ಳಿ ದೀಪ ಬಂತು ನೋಡಿ!” ಎಂದರು.

ಗಂಡಸರೆಲ್ಲ ಹೋ ಎಂದು ನಕ್ಕರು. ಒಬ್ಬರು ಅದು ಯಾವ ಆಪು ಎಂದು ಆಗಲೇ ಫೋನು ತೆಗೆದರು. ನಾದಿನಿ, “ನಮ್ಮಣ್ಣ ತವ್ರು ಮರ್ವಾದೆ ಉಳುಸ್ದ” ಎಂದು ಕಣ್ಣೊರೆಸಿಕೊಂಡಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೇನು ಗೊತ್ತು. ಆದರೆ ಆ ದೀಪಗಳಿಗೆ ಎಣ್ಣೆ ಬತ್ತಿ ಹಾಕು ಎಂದು ನನಗೇ ಹೇಳಿದರಲ್ಲ, ಆಗ ಎಣ್ಣೆಯನ್ನು ತುಳುಕುವಷ್ಟು ಸುರಿದೆ. ಅದೇ ದುಡ್ಡು ಪಾಂಡವಪುರದ ಕಡೆ ಹೋದರೆ ಮರ್ಯಾದೆ, ನಾಗಮಂಗಲದ ಕಡೆ ಹೋದರೆ ಸಾಗಿಸುವುದು! ಅವರ ತಂಗಿಗೆ ಮಾತ್ರ ತವರು ಇರುವುದೇ? ನನ್ನನ್ನೇನು ಬೇಲಿ ಸಾಲಿನಿಂದ ಎತ್ತಿಕೊಂಡು ಬಂದರೇ? ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ವಾಪಸ್ಸು ಬೈಕಿನಲ್ಲಿ ಬರುವಾಗ ಅವರ ಹೆಗಲು ಹಿಡಿಯದೆ ಹಿಂದಿನ ಕಂಬಿ ಹಿಡಿದು ಕೂತೆ. ಬೂಕನಕೆರೆಯ ಹತ್ತಿರ ಟೀ ಕುಡಿಯಲು ನಿಲ್ಲಿಸಿ, “ಯಾಕಮ್ಮಿ, ಮಖ ಊದುಸ್ಕಂಡಿದ್ದೀಯೆ?” ಎಂದು ಕೇಳಿದರು.

“ನೀವು ತಟ್ಟೇಲಿಟ್ಟು ಕೊಟ್ಟಿದ್ದು ದೀಪ ಅಲ್ಲ. ನಮ್ಮವ್ವನ ಹಲ್ಲು,” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಬೀಗರೂಟದಿಂದ ಹಿಡಿದು ನಾಮಕರಣದ ತೊಟ್ಟಿಲವರೆಗೆ ಎಲ್ಲ ಹೇಳಿದೆ. ಟೀ ಅಂಗಡಿಯವನು ಸೋಸುವುದನ್ನು ಬಿಟ್ಟು ಕೇಳುತ್ತಿದ್ದ. ನನಗೆ ಅದರ ಪರಿವೆ ಇರಲಿಲ್ಲ. ಎಲ್ಲ ಕೇಳಿದ ಮೇಲೆ ಅವರು ಬೇಜಾರಿನಿಂದಲೇ, “ಅಲ್ಲ ಕಣಮ್ಮಿ, ಒಂದ್ ಮಾತು ಕೇಳಿದ್ರೆ ನಾನ್ ಕೊಡ್ತಿರ್ನಿಲ್ವಾ?” ಎಂದರು.

ಲೋಕದ ಗಂಡಂದಿರೆಲ್ಲ ಈ ಒಂದು ಮಾತನ್ನು ಎಲ್ಲಿ ಕಲಿಯುತ್ತಾರೋ ಕಾಣೆ. ಕೇಳಿದರೆ ಕೊಡುತ್ತಾರಂತೆ. ನಾನು ದುಡಿದು ಕೂಡಿಟ್ಟದ್ದನ್ನು ನಾನೇ ಕೈಯೊಡ್ಡಿ ಕೇಳಬೇಕಂತೆ.

“ಕೇಳೋದ್ಯಾಕೆ? ಅದು ನಂದು,” ಎಂದೆ.

“ನಿಂದೆಂಗಾಯ್ತದೆ? ದಿನಸಿ ದುಡ್ಡು ನಂದು ತಾನೆ?” ಎಂದರು.

ಕೈಯಲ್ಲಿದ್ದ ಟೀಯನ್ನು ಅವರ ಕಾಲ ಹತ್ತಿರವೇ ನೆಲಕ್ಕೆ ಸುರಿದು, ಹೋಗಿ ಬೈಕಿನ ಪಕ್ಕ ನಿಂತೆ. ಮನೆಗೆ ಬಂದ ಮೇಲೆ ಆಪು ಮುಟ್ಟುವುದನ್ನು ಬಿಟ್ಟೆ. ಬೇಳೆ ಮುಗಿಯಿತು, ಎಣ್ಣೆ ಮುಗಿಯಿತು, ತರಿಸಲಿಲ್ಲ. ಒಂದು ರಾತ್ರಿ ಅವರು ಊಟಕ್ಕೆ ಕೂತಾಗ ತಟ್ಟೆಗೆ ಬರೀ ಮುದ್ದೆ ಹಾಕಿ, ಮಂಚದ ಕೆಳಗಿದ್ದ ನೀಲಿ ಬಾಟಲಿಗಳನ್ನು ತಂದು ಸುತ್ತ ಜೋಡಿಸಿದೆ. “ಕ್ಯಾಶ್‌ಬ್ಯಾಕಿಗೆ ಬಂದಿರೋ ಸಾರು. ಯಾವ್ದ್ ಬೇಕೋ ಬಗ್ಗುಸ್ಕಂಡು ಉಣ್ಣಿ,” ಎಂದೆ. ಅವರು ನಗಲು ನೋಡಿದರು. ನನ್ನ ಮುಖ ನೋಡಿ ನಗಲಿಲ್ಲ.

“ಆಯ್ತು, ಅತ್ತೇನ ಕರುಸು. ಹಲ್ಲು ಕಟ್ಟುಸ್ತೀನಿ,” ಎಂದರು.

ಬೇಡ ಎನ್ನಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಆದರೆ ನನ್ನ ಹಟಕ್ಕೆ ಅವ್ವ ಯಾಕೆ ಉಪವಾಸ ಕೂರಬೇಕು? ಅವರೆಕಾಯಿ ಕಾಲ ಆಗಲೇ ಹತ್ತಿರ ಬಂದಿತ್ತು. ಒಪ್ಪಿಕೊಂಡೆ.

ನಾಗಮಂಗಲದ ಡಾಕ್ಟರು ಹತ್ತಿರವಿದ್ದರು. ಅವರು ಬೇಡವಂತೆ. ಶ್ರೀರಂಗಪಟ್ಟಣದ ಒಂದು ಕ್ಲಿನಿಕ್ಕಿನಲ್ಲಿ ಫೋನಿನಿಂದ ಬಿಲ್ಲು ಕಟ್ಟಿದರೆ ಆಫರ್ ಇದೆ ಎಂದು ನನ್ನ ಗಂಡ ಪತ್ತೆ ಮಾಡಿದ್ದರು. ಹಲ್ಲು ಕೀಳಲು, ಅಚ್ಚು ತೆಗೆಯಲು, ಕೂರಿಸಿ ನೋಡಲು ಎಂದು ಅವ್ವ ಅಷ್ಟು ದೂರ ಓಡಾಡಿದಳು. ಒಂದು ದಿನವೂ ಗೊಣಗಲಿಲ್ಲ. ಕೊನೆಯ ದಿನ ಡಾಕ್ಟರು ಎರಡೂ ಸೆಟ್ಟು ಕೂರಿಸಿ ಕೈಗೆ ಕನ್ನಡಿ ಕೊಟ್ಟರು. ಒಳಗೆ ಸೇರಿಹೋಗಿದ್ದ ಕೆನ್ನೆ ತುಂಬಿಕೊಂಡಿತ್ತು. ಅವ್ವ ಕನ್ನಡಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು. ಮೊದಲ ವಾರ ಮೆತ್ತಗಿರುವುದನ್ನೇ ತಿನ್ನಬೇಕು ಎಂದು ಡಾಕ್ಟರು ಹೇಳುತ್ತಿದ್ದರೆ, ಬಾಡು ಯಾವತ್ತಿಂದ ತಿನ್ನಬಹುದು ಎಂದು ಕೇಳಿದಳು. ಆ ಕ್ಷಣ ನನ್ನ ಸಿಟ್ಟೆಲ್ಲ ಎಲ್ಲೋ ಹೋಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ನಾವಿಬ್ಬರೂ ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಗಂಡ ಕೌಂಟರಿನಲ್ಲಿ ಫೋನು ಹಿಡಿದು ಬಿಲ್ಲು ಕಟ್ಟಿದರು. ಟಿಣ್ ಎಂದಿತು. ಅವರು ಅಲ್ಲೇ ನಿಂತು ಹೆಬ್ಬೆರಳಲ್ಲಿ ಗೀಚಿದರು. ಮುಖ ಅರಳಿತು.

“ನೋಡಮ್ಮಿ, ಅತ್ತೆ ಹಲ್ಲಿಗೂ ಬಂತು ಕ್ಯಾಶ್‌ಬ್ಯಾಕು!” ಎಂದು ಅಲ್ಲಿಂದಲೇ ಫೋನು ಎತ್ತಿ ತೋರಿಸಿದರು.

ಅವ್ವ ನನ್ನ ಕಡೆ ಬಾಗಿ, “ಅಳಿಯಂದ್ರು ದ್ಯಾವ್ರಂಥೋರು ಕಣವ್ವ. ನೀನು ಕೇಳ್ದೇಟ್ಗೇ ದೊಡ್ ಮನ್ಸು ಮಾಡುದ್ರು. ನಿನ್ ಪುಣ್ಯ,” ಎಂದಳು.

“ಅವ್ವ, ಅದು ನನ್ ದುಡ್ಡು.”

“ಮೆಲ್ಗೆ ಮಾತಾಡು, ಕೇಳುಸ್ಕಂಡಾರು.”

“ಕೇಳುಸ್ಕಳ್ಲಿ ಅಂತಾನೇ ಹೇಳ್ತಿರದು.”

ಅವರು ಕೇಳಿಸಿಕೊಂಡರು. ಹತ್ತಿರ ಬಂದರು. ಕಾದು ಕೂತಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. “ನಂದು ನಿಂದು ಅಂತ ಏನದಮ್ಮಿ ಇದು? ಗಂಡ ಹೆಂಡ್ತಿ ದುಡ್ಡು ಒಂದೇ ಅಲ್ವಾ, ಅತ್ತೆ?” ಎಂದು ನಕ್ಕರು.

“ಅಲ್ವಾ ಮತ್ತೆ? ನಾನೂ ಅದ್ನೇ ಅಂದದ್ದು,” ಎಂದಳು ನಮ್ಮವ್ವ.

ನಾನು ಎದ್ದು ನಿಂತೆ. “ಒಂದೇ ಆದ್ರೆ ಆಪಲ್ಲಿ ನಿಮ್ ನಂಬರ್ ತಗ್ದು ನನ್ ನಂಬರ್ ಹಾಕಿ. ಇಲ್ಲೇ, ಈಗ್ಲೇ ಹಾಕಿ,” ಎಂದೆ.

ಅವ್ವ ನನ್ನ ತೋಳು ಚಿವುಟಿದಳು. ಅವರು ಕೈಯಲ್ಲಿದ್ದ ಫೋನು ನೋಡಿದರು, ಕಾದು ಕೂತಿದ್ದವರನ್ನು ನೋಡಿದರು, ನನ್ನನ್ನು ಮಾತ್ರ ನೋಡಲಿಲ್ಲ. ಫೋನನ್ನು ಶರಟಿನ ಜೇಬಿಗೆ ಇಳಿಬಿಟ್ಟು, “ಬಿಸ್ಲೇರ್ತು, ನಡೀರಿ” ಎಂದು ಚಪ್ಪಲಿ ಮೆಟ್ಟಲು ಬಾಗಿಲ ಕಡೆ ಹೊರಟರು.